ಸೆಟಿಗೆವ್ವನ ಪೆನ್ನು, ಹತ್ತು ದಿನದ ಹಾಳೆ

ಬೆಳಿಗ್ಗೆ ಒಂಬತ್ತಕ್ಕೆ ಸ್ಟಾಫ್ ನರ್ಸ್ ಲಾಲಬೀ ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಾಳಿಗುಳ್ಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೂಸಿಗೆ ಸುದ್ದಿ ಹೇಳಲು ಶುರು ಮಾಡಿದಳು. ಎಳೆಗೂಸಿನ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ನಿಧಾನವಾಗಿ ಇಳಿಯಬೇಕು. ಗಡಿಯಾರ ನೋಡುತ್ತ ಕೊಟ್ಟರೆ ಕೈ ಅವಸರ ಮಾಡುತ್ತದೆ ಎಂಬುದು ಅವಳ ಹದಿನೇಳು ವರ್ಷದ ಅನುಭವ. ಅದಕ್ಕೇ ಒಂದು ಡೋಸಿಗೆ ಒಂದು ಸುದ್ದಿ.

"ಹಿಟ್ನಾಳದಾಗ ಎಮ್ಮಿ ಬಸ್ ಹತ್ತಾಕ ಹೋಗಿತ್ತಂತ ನೋಡಪ್ಪಾ. ಹೆಣ್ಣಲ್ಲೇನ್ರಿ, ಟಿಕೆಟ್ ಯಾಕ ಅಂದನಂತ ಮಾಲಕ..."

ಕಂಡಕ್ಟರು ಎಮ್ಮೆಯ ಆಧಾರ್ ಕಾರ್ಡು ಕೇಳುವ ಹೊತ್ತಿಗೆ ಔಷಧ ಮುಗಿಯಿತು.

ಕೊಪ್ಪಳದ ಆಸ್ಪತ್ರೆಯೊಂದರ ನವಜಾತ ಶಿಶು ಘಟಕವಿದು. ಕೂಸು ಬೇವೂರಿನ ದೀಪಿಕಾಳದು. ಎರಡು ತಿಂಗಳು ಮೊದಲೇ ಹುಟ್ಟಿದ್ದು, ತೂಕ ಒಂದು ಕಿಲೋ ನಾನೂರ ಅರವತ್ತು ಗ್ರಾಂ, ರಕ್ತದಲ್ಲಿ ಸೋಂಕು. ಹುಟ್ಟಿದ ದಿನವೇ ಶುರುವಾದ ಔಷಧ ಹತ್ತು ದಿನ ನಡೆಯಬೇಕು. ಇಂದು ಐದನೆಯ ದಿನ. ಕೂಸು ಬೆಕ್ಕಿನ ಮರಿಯಂತೆ ಅಳಲು ಕಲಿತಿತ್ತು. ತೊಡಕಾದದ್ದು ಅದೇ.

ಗಾಜಿನ ಬಾಗಿಲಾಚೆ ದೀಪಿಕಾಳ ಅತ್ತೆ ಗಾಳೆಮ್ಮ ಚೀಲ ಹಿಡಿದು ನಿಂತಿದ್ದಳು. ಚೀಲದಲ್ಲಿ ತೆಂಗಿನಕಾಯಿ, ಹಣತೆ, ಇನ್ನೂರು ಪುಟದ ನೋಟುಬುಕ್ಕು, ಹೊಸ ಪೆನ್ನು.

"ಸಿಸ್ಟರಮ್ಮಾ, ಕೂಸು ಅರಾಮ ಆಗೈತಿ, ಕೊಡ್ರಿ. ಇವತ್ತ ಐದನೇ ದಿನ, ಸೆಟಿಗೆವ್ವ ದೇವಿ ಹಣಿಬರಹ ಬರಿಯಾಕ ಮನಿಗೆ ಬರ್ತಾಳ. ಕೂಸು ಇಲ್ಲಿದ್ರ ಅಕಿ ಯಾರ ಹಣಿ ಮ್ಯಾಲೆ ಬರೀಬೇಕು? ನನ್ನ ಹಣ್ಯಾಗ ಜಾಗಾ ಇಲ್ಲ, ಬರೇ ಗೆರಿ!"

ಲಾಲಬೀಗೆ ನಗು ಬಂತು, ಭಯವೂ ಆಯಿತು. ಹಿಂದೊಮ್ಮೆ ಹೀಗೇ ಚೆನ್ನಾಗಿ ಅಳುತ್ತಿದ್ದ ಕೂಸೊಂದನ್ನು ಅರ್ಧ ಔಷಧಕ್ಕೇ ಮನೆಗೆ ಒಯ್ದಿದ್ದರು. ನಾಲ್ಕು ದಿನಕ್ಕೆ ತಿರುಗಿ ತಂದಾಗ ಅದಕ್ಕೆ ಅಳುವ ಶಕ್ತಿ ಇರಲಿಲ್ಲ. ಆದರೆ ಸೆಟಿಗೆವ್ವನನ್ನು ಅಲ್ಲಗಳೆಯುವುದು ಅವಳಿಂದ ಆಗದು. ಇರಕಲ್ಲಗಡದಲ್ಲಿ ತಮ್ಮ ಹುಟ್ಟಿದ ಐದನೆಯ ದಿನ ಅವಳ ಅಮ್ಮಿಯೂ ತೊಟ್ಟಿಲ ಬಳಿ ಪೆನ್ನಿಟ್ಟಿದ್ದಳು, ಅಬ್ಬಾಗೆ ತಿಳಿಯದಂತೆ.

"ಬೂದ್ಯಾಗ ಕೆಂಡ ಇದ್ದಂಗ ರಕ್ತದಾಗ ಇನ್ನೂ ಹುಳ ಅದಾವ, ಯವ್ವಾ. ಒಳಗ ಆಕ್ಸಿಜನ್ ಐತಿ, ದೀಪ ಹಚ್ಚಂಗಿಲ್ಲ. ಆದ್ರ ಪೆನ್ನು, ಹಾಳಿ ಇಲ್ಲೇ ಅದಾವ ನೋಡ್ರಿ."

ಕೂಸಿನ ಚಿಕಿತ್ಸೆಯ ಹಾಳೆಯನ್ನು ತಂದು ಗಾಜಿಗೆ ಆನಿಸಿ ಹಿಡಿದಳು. ದಾರ ಕಟ್ಟಿದ ಪೆನ್ನು ಅದರಿಂದ ಜೋತಾಡುತ್ತಿತ್ತು. ಹಾಳೆಯಲ್ಲಿ ಹತ್ತು ದಿನಕ್ಕೆ ಹತ್ತು ಚೌಕದ ಮನೆ. ಐದು ಇನ್ನೂ ಖಾಲಿ.

"ಸೆಟಿಗೆವ್ವಗ ವಿಳಾಸ ಸಿಗಬೇಕಲ್ಲ?"

"ಬರದೈತಿ. ದೀಪಿಕಾ ಕೋಂ ಯಂಕೇಶ, ಬೇವೂರು. ಫೋನ್ ನಂಬರೂ ಐತಿ."

"ಅಕಿ ಫೋನ್ ಮಾಡ್ತಾಳೇನ?"

"ಮಾಡಿದ್ರ ನಾ ಎತ್ತತೀನಿ ಬಿಡ್ರಿ."

ಗಾಳೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಪ್ಪಲಿಲ್ಲ. "ಒಂದ ದಿನ ನೋಡ್ತೀನಿ," ಎಂದಳಷ್ಟೆ.

ಮರುದಿನ ಲಾಲಬೀ ಕೆಲಸಕ್ಕೆ ಬಂದಾಗ ಗಾಳೆಮ್ಮ ಅದೇ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಹಾಳೆಯ ಕೆಳಗೆ ಹೊಸದಾಗಿ ಎರಡು ಸಾಲು ಮೂಡಿದ್ದವು.

"ಏನ ಬರದಾಳ? ಓದ್ರಿ!"

ಲಾಲಬೀ ಓದಲು ನೋಡಿದಳು. ಹಾಳೆಯನ್ನು ಓರೆ ಮಾಡಿದಳು. "ಇದು ಡಾಕ್ಟರ್ ಬರದಿದ್ದು, ಯವ್ವಾ. ನನಗೂ ತಿಳೀವಲ್ದು."

ಗಾಳೆಮ್ಮ ಚಪ್ಪಾಳೆ ತಟ್ಟಿದಳು. "ಹಂಗಾರ ಅಕೀದ ಅಕ್ಷರ! ಹಣಿಬರಹ ಯಾರಿಗೆ ಓದಾಕ ಬಂದೈತಿ?"

"ಡಾಕ್ಟರ್ರಿ, ಯವ್ವಾ!"

"ಬರದವ ಡಾಕ್ಟರ. ಬರಸಿದಾಕಿ ಯಾರು?"

ಓದಲಾಗದ ಸೂಚನೆಯನ್ನು ಊಹಿಸಿ ಔಷಧ ಕೊಡುವಂತಿಲ್ಲ. ನಗು ತಡೆಯಲಾಗದೆ, ಎರಡು ಸಲ ಕೆಮ್ಮಿ, ಲಾಲಬೀ ಡಾಕ್ಟರಿಗೆ ಫೋನ್ ಮಾಡಿ ಕೇಳಿದಳು. ಉತ್ತರವನ್ನು ಬಾಗಿಲಲ್ಲೇ ನಿಂತು ಹೇಳಿದಳು: ಅದೇ ಔಷಧ, ಹತ್ತು ದಿನ ಪೂರ್ತಿ.

"ಆತು, ಪೂರ್ತಿ ಅಂದ್ರ ಪೂರ್ತಿ. ನಡುವ ಎಬ್ಬಿಸಿಕೊಂಡ ಹೋಗಾಕ ನಾ ಯಾರು?" ಗಾಳೆಮ್ಮ ತೆಂಗಿನಕಾಯಿಯನ್ನು ಸೊಸೆಯ ಮಂಚದ ಕೆಳಗೆ ಉರುಳಿಸಿ, ಚೀಲವನ್ನು ತಲೆದಿಂಬು ಮಾಡಿಕೊಂಡಳು.

ಕೊನೆಯ ಡೋಸು ಸೋಮವಾರ ರಾತ್ರಿ ಒಂಬತ್ತಕ್ಕೆ. ಅಂದು ಲಾಲಬೀಗೆ ವಾರದ ರಜೆ. ಕೊಡುವವರು ಬೇರೆ ಸಿಸ್ಟರು; ಆ ಡೋಸಿಗೊಂದು ಸುದ್ದಿಯನ್ನು ಲಾಲಬೀ ಅವರಿಗೆ ಮೊದಲೇ ಹೇಳಿಕೊಡಬೇಕು.