ಹೆಣ್ಣು ಚಿರತೆ ಯಾರಿಗೂ ಬೇಡವಾದದ್ದು

ಕುಳಗಿ ಕಾಡಿನವರಿಂದ ಚಿರತೆಮರಿ ಕೊಳ್ಳಲು ನಾನು ಹಾಲು ಕೊಡುವ ಎಮ್ಮೆಯನ್ನೇ ಬದಲಿಗೆ ಕೊಟ್ಟೆ. ಮರಿ ಹೆಣ್ಣಾಗಿತ್ತು, ಹಳಿಯಾಳದ ದನದ ಸಂತೆಯಲ್ಲಿ ಹೆಣ್ಣಿಗೇ ಬೆಲೆ ಹೆಚ್ಚು; ಚಿರತೆಗೂ ಹಾಗೇ ಎಂದುಕೊಂಡೆ. ಅದು ನಾಯಿಗಿಂತ ದೊಡ್ಡದಾದ ಮೇಲೆ ಪಂಜರವನ್ನು ಗಾಡಿಗೆ ಹೇರಿ ಸಂಸ್ಥಾನವೊಂದರ ಮೃಗಾಲಯಕ್ಕೆ ಮಾರಲು ಒಯ್ದೆ.

ಅಲ್ಲಿಯ ಮೇಲ್ವಿಚಾರಕ ನಕ್ಕ. “ಹೆಣ್ಣು ಬ್ಯಾಡ್ರಿ ಸಾವ್ಕಾರ್ರ. ಮರಿ ಭಾಳ ಆದ್ವು ಅಂತ ಗಂಡು ಹೆಣ್ಣು ಬ್ಯಾರೆ ಬ್ಯಾರೆ ಇಟ್ಟೇವಿ.”

“ಹಂಗಾರ ಪುಕ್ಕಟೆ ತಗೋರಿ.”

“ಪುಕ್ಕಟೆ ಬಂದದ್ದು ಮಾಂಸ ತಿನ್ನೂದು ಬಿಡತೈತೇನ್ರಿ?”

ತಿರುಗಿ ಬರುವಾಗ ಕಾಡಿನ ದಾರಿಯಲ್ಲಿ ಪಂಜರದ ಹಲಗೆ ಸೀಳಿತು. ನನ್ನ ಬೆನ್ನ ಹಿಂದೆಯೇ ಉಗುರು ಕೆರೆಯುವ ಸದ್ದು. ಎತ್ತುಗಳು ನಡುಗಿ ನಿಂತವು. ನಾನೂ ಗಾಡಿಯವನೂ ಅವುಗಳ ಕೊರಳನ್ನು ನೊಗದಿಂದ ಬಿಡಿಸಿ, ಅವನ್ನು ಹೊಡೆದುಕೊಂಡು ಓಡಿದೆವು. ಮರಳಿ ಬಂದಾಗ ಪಂಜರ ಖಾಲಿಯಿತ್ತು. ಊರು ಮುಟ್ಟುವವರೆಗೆ ಇಬ್ಬರೂ ಗಾಡಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕುಳಿತೆವು.

ಮೃಗಾಲಯಕ್ಕೆ ಮಾರುವವರು ನೀವಾದರೆ, ಯಾವ ಪ್ರಾಣಿಯ ಸಂತಾನ ನಿಲ್ಲಿಸಿದ್ದಾರೆಂದು ಮೊದಲು ವಿಚಾರಿಸಿ. ಕಾಡಿನವರೊಡನೆ ಮಾತು ಆಮೇಲೆ.