ಸುಶೀಲಮ್ಮನವರ ಹೊಸ್ತಿಲು

ಮುಂದಿನ ಕಾರು ಬಲಕ್ಕೆ ತಿರುಗುವ ದೀಪ ಹಾಕಿದರೆ ಲೋಕವೆಲ್ಲ ಅದನ್ನು ನಂಬುತ್ತದೆ, ಸುಶೀಲಮ್ಮನವರು ನಂಬುತ್ತಿರಲಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಎರಡೂ ಕೈಯಿಂದ ಬೆಲ್ಟ್ ಹಿಡಿದು, "ದೀಪ ಬರೀ ಸಂಕೇತ ಕಣ್ರೀ ಮೂರ್ತಿ. ತಿರುಗ್ತೀನಿ ಅನ್ನೋದು ಬೇರೆ, ತಿರುಗೋದು ಬೇರೆ. ನಿಧಾನ," ಎನ್ನುತ್ತಿದ್ದರು. ನಾವಿದ್ದ ಬ್ರಿಡ್ಜ್‌ವಾಟರಿನಿಂದ ಮ್ಯಾನ್‌ಹಟನ್ನಿನ ಚೈನಾಟೌನ್‌ವರೆಗೆ ಭಾನುವಾರದ ಟ್ರಾಫಿಕ್ಕಿನಲ್ಲಿ ಎಷ್ಟು ದೀಪಗಳಿವೆಯೋ ಅಷ್ಟನ್ನೂ ಒಂದೊಂದಾಗಿ ಶಂಕಿಸುವರು. ಇಳಿಯುವ ಹೊತ್ತಿಗೆ ನನ್ನ ಬೆನ್ನು ಒದ್ದೆಯಾಗಿರುತ್ತಿತ್ತು.

ಆತಂಕ ಅವರಿಗೆ ಉದ್ಯೋಗದಿಂದ ಬಂದದ್ದು. ಔಷಧ ಕಂಪನಿಯೊಂದರಲ್ಲಿ, ಮಾತ್ರೆ ನುಂಗಿದವರಿಗೆ ಏನೇನು ಕೆಟ್ಟದ್ದಾಯಿತು ಎಂಬ ವರದಿಗಳನ್ನು ಓದುವುದೇ ಅವರ ಕೆಲಸವಾಗಿತ್ತು. ರಿಟೈರ್ ಆದ ಮೇಲೆ ಜನ ಯೋಗ ಸೇರುತ್ತಾರೆ. ಇವರು ಸಂಜೆ ಕಾಲೇಜಿನಲ್ಲಿ ಸಂಕೇತಶಾಸ್ತ್ರ ಸೇರಿದರು. ಒಂದು ವಸ್ತು ಇನ್ನೊಂದರ ಅರ್ಥ ಹೊತ್ತು ಹೇಗೆ ನಿಲ್ಲುತ್ತದೆ ಎಂದು ವಿಚಾರಿಸುವ ವಿದ್ಯೆ ಅದು. ಸಹಪಾಠಿಗಳು ಸೋಪಿನ ಜಾಹೀರಾತಿನಂಥ ಸುಲಭದ ವಿಷಯ ಹಿಡಿದರೆ ಇವರು ಚೀನೀಯರ ಕ್ಯಾಂಟನೀಸ್ ಭಾಷೆಯ ಗೀತನಾಟಕ ಹಿಡಿದರು. ಹಾಂಗ್‌ಕಾಂಗಿನ ಹಳೆಯ ಸಹೋದ್ಯೋಗಿಯೊಬ್ಬರು ಚೈನಾಟೌನಿನ ಸಮುದಾಯ ಭವನದ ಪ್ರದರ್ಶನಕ್ಕೆ ಒಮ್ಮೆ ಕರೆದೊಯ್ದದ್ದೇ ಇದಕ್ಕೆ ಕಾರಣ. ಆ ಭಾಷೆಯ ಒಂದಕ್ಷರವೂ ಇವರಿಗೆ ಬಾರದು.

"ಅದೇ ಅನುಕೂಲ. ಮಾತು ಅರ್ಥ ಆದ್ರೆ ಕಣ್ಣಿಗೆ ಸೋಮಾರಿತನ ಬರುತ್ತೆ."

ನಾನು ಪಕ್ಕದ ಮನೆಯವನು. ನನ್ನಲ್ಲಿ ಕಾರಿತ್ತು, ಇಲ್ಲ ಎನ್ನುವ ಧೈರ್ಯ ಇರಲಿಲ್ಲ. ಹೀಗೆ ಶಾಸ್ತ್ರಕ್ಕೆ ನನ್ನ ಸೇವೆಯೂ ಸಂದಿತು.

ರಂಗದ ಮೇಲೆ ಒಂದು ಮೇಜು, ಎರಡು ಕುರ್ಚಿ. ನಟನ ಕೈಯಲ್ಲಿ ಗೊಂಡೆ ಕಟ್ಟಿದ ಚಾಟಿ ಇದ್ದರೆ ಕುದುರೆ ಇದೆ ಎಂದರ್ಥ. ರಂಗದ ಸುತ್ತ ಒಂದು ಸುತ್ತು ನಡೆದರೆ ದೂರದ ಊರಿಗೆ ಬಂದಂತೆ. ನಾಯಕಿ, ಇಲ್ಲದ ಅಗುಳಿ ತೆಗೆದು, ಇಲ್ಲದ ಬಾಗಿಲು ನೂಕಿ, ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟುತ್ತಾಳೆ. ಸುಶೀಲಮ್ಮನವರ ಸಿದ್ಧಾಂತವೆಲ್ಲ ಈ ಹೊಸ್ತಿಲ ಮೇಲೆ ನಿಂತಿತ್ತು. "ಕುದುರೆ ಒಬ್ಬನದು, ಹೊಸ್ತಿಲು ಎಲ್ಲರದೂ. ಒಬ್ಬಳು ಅಲ್ಲಿಟ್ಟಳು ಅಂದ್ರೆ ಆಮೇಲೆ ಬರೋರೆಲ್ಲ ಅಲ್ಲೇ ಕಾಲೆತ್ತಬೇಕು. ಒಬ್ಬ ಮರೆತ, ಮನೆ ಬಿತ್ತು. ಕತೆ ನಿಂತಿರೋದೇ ಆ ಒಪ್ಪಂದದ ಮೇಲೆ."

ಒಮ್ಮೆ ಸೇನಾಪತಿ ಮರೆತ. ಕಿರೀಟದ ಉದ್ದನೆಯ ಗರಿಗಳನ್ನು ಕುಣಿಸುತ್ತ ಸೀದಾ ಒಳಗೆ ನಡೆದ. "ಗೋಡೆ ಒಡ್ಕೊಂಡು ಬಂದ ಕಣ್ರೀ," ಎಂದು ಸುಶೀಲಮ್ಮನವರು ಕನ್ನಡದಲ್ಲೇ ನರಳಿದರು. ಮುಂದಿನ ಸಾಲಿನ ಚೀನೀ ಅಜ್ಜಿಯೊಬ್ಬರು ತಿರುಗಿ, ಪೂರ್ಣ ಸಮ್ಮತಿಯಿಂದ ತಲೆಯಾಡಿಸಿ, ಇವರ ಕೈಗೆ ಒಂದು ಕಿತ್ತಳೆ ಇಟ್ಟರು.

ಮರುವರ್ಷ ಸುಶೀಲಮ್ಮನವರ ಬಲಗೈ ನಡುಗತೊಡಗಿತು. "ಸ್ಟೇಜ್ ಮೇಲೆ ಕೈ ನಡುಗಿದ್ರೆ ಕೋಪ, ಇಲ್ಲ ಭಯ. ನಂದು ಅಭಿನಯ ಅಲ್ಲ, ಬರೀ ಲಕ್ಷಣ," ಎಂದು ತಾವೇ ವಿಂಗಡಿಸಿದರು. ಡಾಕ್ಟರು ಪಾರ್ಕಿನ್ಸನ್ಸ್ ಎಂದರು. ಕ್ರಮೇಣ ಕಾಲಿಗೂ ಬಂತು. ಬಯಲಿನಲ್ಲಿ ಸಲೀಸಾಗಿ ನಡೆಯುವವರು ಬಾಗಿಲ ಬಳಿ ಬಂದೊಡನೆ ಪಾದ ನೆಲಕ್ಕಂಟಿದಂತೆ ನಿಂತುಬಿಡುತ್ತಿದ್ದರು.

ಅಷ್ಟರಲ್ಲಿ ಕಾಲೇಜಿನಲ್ಲಿ ಅವರು ಪ್ರಬಂಧ ಮಂಡಿಸುವ ದಿನ ಗೊತ್ತಾಗಿತ್ತು. ಟೆಕ್ಸಾಸಿನಿಂದ ಮಗಳು ಸ್ಮಿತಾ ಫೋನಿನಲ್ಲಿ, "ಅಮ್ಮ, ಜಸ್ಟ್ ಕ್ಯಾನ್ಸಲ್ ಇಟ್. ಬಿದ್ದುಬಿಟ್ರೆ?" ಎಂದಳು.

"ಬೀಳೋದಕ್ಕಲ್ಲ ಹೆದರಿಕೆ ಮೂರ್ತಿ," ಎಂದರು ನನ್ನ ಬಳಿ. "ಎಲ್ಲರೂ ನೋಡ್ತಿರುವಾಗ ಬಾಗಿಲಲ್ಲೇ ನಿಂತುಬಿಟ್ರೆ ಏನು ಮಾಡ್ಲಿ?"

ಪ್ರಬಂಧ ಮಂಡನೆಯ ಸಂಜೆ ಹಾಗೆಯೇ ಆಯಿತು. ತರಗತಿಯ ಬಾಗಿಲಲ್ಲಿ ನಿಂತರು. ಒಳಗಿನವರೆಲ್ಲ ತಿರುಗಿ ನೋಡಿದರು. ಪ್ರೊಫೆಸರು ಮುಗುಳ್ನಕ್ಕು ಕಾದರು. ಆಮೇಲೆ ಆ ನಗುವೂ ಹೋಯಿತು. ನಾನು ಸುಶೀಲಮ್ಮನವರ ಲ್ಯಾಪ್‌ಟಾಪನ್ನು ಇನ್ನೊಂದು ಕೈಗೆ ಬದಲಿಸಿದೆ. ತೋಳು ಹಿಡಿಯಲು ಹೋದೆ, ಕಣ್ಣಲ್ಲೇ ಬೇಡವೆಂದರು. ಸ್ವಲ್ಪ ಹೊತ್ತು ನೆಲವನ್ನೇ ನೋಡಿದರು. ಆಮೇಲೆ ನಡುಗುವ ಕೈಯಿಂದ ಇಲ್ಲದ ಅಗುಳಿ ತೆಗೆದರು, ಬಾಗಿಲು ನೂಕಿದರು, ಕಾಲೆತ್ತಿದರು. ದಾಟಿದರು.

ಜನ ಅದನ್ನು ಪ್ರಾತ್ಯಕ್ಷಿಕೆಯೆಂದು ತಿಳಿದು ಚಪ್ಪಾಳೆ ತಟ್ಟಿದರು. ಸುಶೀಲಮ್ಮನವರು ಮಾತ್ರ ಹಿಂತಿರುಗಿ ನನ್ನನ್ನೇ ನೋಡುತ್ತಿದ್ದರು. ನಾನೂ ಕಾಲೆತ್ತಿ ದಾಟುವವರೆಗೆ ಬಾಯಿ ತೆರೆಯಲಿಲ್ಲ.

ಗೆರೆ ದಾಟುವಂತೆ ಕಾಲೆತ್ತಿದರೆ ಕಟ್ಟಿದ ಹೆಜ್ಜೆ ಬಿಡುತ್ತದೆಂಬುದು ಅವರ ಫಿಸಿಯೋಥೆರಪಿಸ್ಟ್‌ಗೆ ಮೊದಲೇ ಗೊತ್ತಿತ್ತಂತೆ. "ಹೇಳೋದಕ್ಕೆ ಏನಾಗಿತ್ತು ಅವಳಿಗೆ?" ಎಂದು ಬಹಳ ದಿನ ಮುನಿಸಿಕೊಂಡಿದ್ದರು.

ಹೋದ ಚಳಿಗಾಲ ಸ್ಮಿತಾ ಬಂದು ಅಮ್ಮನನ್ನು ಟೆಕ್ಸಾಸಿಗೆ ಕರೆದುಕೊಂಡು ಹೊರಟಳು. ಕಾರು ಸ್ಟಾರ್ಟ್ ಆಗಿಯೇ ನಿಂತಿತ್ತು. ಸುಶೀಲಮ್ಮನವರು ತಮ್ಮ ಮನೆಯ ಬಾಗಿಲಲ್ಲಿ ನಿಂತರು. ಈ ದೇಶದ ಬಾಗಿಲಿಗೆ ಹೊಸ್ತಿಲೆಲ್ಲಿ? ಕೈ ಇಲ್ಲದ ಅಗುಳಿಯವರೆಗೆ ಹೋಗಿ ಇಳಿಯಿತು.

"ಅಮ್ಮ, ಫ್ಲೈಟ್..." ಎಂದಳು ಸ್ಮಿತಾ.

"ಇವತ್ತು ಹೊಸ್ತಿಲು ಕಾಣ್ತಾನೇ ಇಲ್ಲ ಮೂರ್ತಿ." ಅವರ ದನಿಯಲ್ಲಿ ಅಂಥ ಭಯವನ್ನು ನಾನು ಯಾವ ಹೆದ್ದಾರಿಯಲ್ಲೂ ಕೇಳಿರಲಿಲ್ಲ.

ಹೊಸ್ತಿಲನ್ನು ಒಬ್ಬರು ಇಟ್ಟರೆ ಸಾಕು ಎಂದು ಅವರೇ ಹೇಳಿದ್ದರಲ್ಲ. ನಾನು ಅವರ ಸೂಟ್‌ಕೇಸ್ ಹಿಡಿದುಕೊಂಡೇ ಮುಂದೆ ಹೋಗಿ, ನೆರೆಹೊರೆಯವರೆಲ್ಲ ನೋಡುತ್ತಿರುವಾಗ, ಈ ವಯಸ್ಸಿನಲ್ಲಿ ಈ ಮಂಡಿ ಒಪ್ಪುವಷ್ಟೂ ಕಾಲೆತ್ತಿ ಆಚೆ ಇಟ್ಟೆ.

ಅವರು ನನ್ನ ಕಾಲನ್ನೇ ಪರೀಕ್ಷಕರಂತೆ ನೋಡಿದರು. "ಅಷ್ಟು ಎತ್ತರ ಇರಲ್ಲ ಕಣ್ರೀ," ಎಂದರು. ದಾಟಿ ಬಂದರು.

ಕಾರು ತಿರುವಿನಲ್ಲಿ ದೀಪ ಹಾಕಿತು, ಮತ್ತು ತಿರುಗಿಯೂ ಬಿಟ್ಟಿತು. ಸುಶೀಲಮ್ಮನವರ ಅಡುಗೆಮನೆಯ ಲೈಟ್ ಆರಿಸುವುದು ಮರೆತುಹೋಗಿತ್ತು. ನಾನು ವಾಪಸ್ಸು ಹೋಗಿ, ಬಾಗಿಲಲ್ಲಿ ಮತ್ತೆ ಕಾಲೆತ್ತಿದೆ. ಈ ಸಲ ಸ್ವಲ್ಪ ತಗ್ಗಿಸಿ.