ಸುವರ್ಣಮ್ಮನ ಮನೆಯಲ್ಲಿ ಕರೆಂಟು ಹೋಗುವುದಿಲ್ಲ

ಹನೂರಿನಲ್ಲಿ ಮುಸ್ಸಂಜೆಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಬೀದಿಯ ಹೆಂಗಸರೆಲ್ಲ ಬೈಯುತ್ತ ಜಗಲಿಗೆ ಬರುತ್ತಿದ್ದರು. ಸುವರ್ಣಮ್ಮನೂ ಬೈಯುತ್ತಲೇ ಬರುತ್ತಿದ್ದಳು, ಆದರೆ ಅವಳ ಬೈಗುಳದಲ್ಲಿ ಕಸುವೇ ಇರಲಿಲ್ಲ. ಎಲ್ಲಿಂದ ಬರಬೇಕು? ಬೆಳಗಾಗೆದ್ದು ಹಸು, ಕೊಟ್ಟಿಗೆ, ಮುದ್ದೆ, ಸಾರು ಎಲ್ಲ ಮುಗಿಸಿ ನಡುಮನೆಯ ಕಂಪ್ಯೂಟರಿನ ಮುಂದೆ ಕೂತಳೆಂದರೆ ಲಗ್ನಪತ್ರಿಕೆ, ತಿಥಿ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ ಎಂದು ಕುಟ್ಟಿದ್ದೇ ಕುಟ್ಟಿದ್ದು. ಸಂಜೆಯ ಹೊತ್ತಿಗೆ ಕತ್ತು ಒನಕೆಯ ಹಾಗೆ ಸೆಟೆದುಕೊಂಡಿರುತ್ತಿತ್ತು.

ಅತ್ತೆ ಚಿಕ್ಕನಿಂಗಮ್ಮ ಹರಳೆಣ್ಣೆಯ ಬಟ್ಟಲು ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದಳು. ಸೊಸೆಯನ್ನು ಮೆಟ್ಟಿಲ ಮೇಲೆ ಕೂರಿಸಿ, ತುರುಬು ಬಿಚ್ಚಿ, ನೆತ್ತಿಗೆ ಎಣ್ಣೆ ತಟ್ಟಿ, ಕತ್ತು ನೀವುತ್ತಿದ್ದಳು. ದೀಪ ಹಚ್ಚಿದ ಮೇಲೆ ಹೆಣ್ಣುಮಕ್ಕಳು ಕೂದಲು ಬಿಚ್ಚಬಾರದು ಎನ್ನುವುದು ಮುದುಕಿಯ ಕಟ್ಟುನಿಟ್ಟು. ಅದಕ್ಕೇ ಕರೆಂಟು ಹೋದರೂ ಬುಡ್ಡಿ ಹಚ್ಚದೆ ತಡಮಾಡುತ್ತಿದ್ದಳು, ಕಳ್ಳಿ! ದಿನಕ್ಕೊಮ್ಮೆ ಸುವರ್ಣಮ್ಮನಿಗೆ ಜೀವ ಬರುತ್ತಿದ್ದುದು ಆ ಕತ್ತಲಲ್ಲೇ.

ಇದನ್ನು ಅವಳೇ ಕೈಯಾರೆ ಕಳೆದುಕೊಂಡಳು ನೋಡಿ. ಬಂಡಳ್ಳಿಯ ಪುಟ್ಟಮಾದಯ್ಯನ ಮಗಳ ಲಗ್ನಪತ್ರಿಕೆ. ಅಳಿಯಂದಿರು, ಷಡ್ಡಕರು, ಮೊಮ್ಮಕ್ಕಳು ಎಂದು ನೆಂಟರ ಹೆಸರೇ ಪುಟಗಟ್ಟಲೆ. ಎಲ್ಲ ಕೂರಿಸಿ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಯು.ಪಿ.ಎಸ್ಸು ಕುಂಯ್ ಕುಂಯ್ ಎಂದು ಎರಡು ಸಲ ಅತ್ತು ಬಾಯಿ ಮುಚ್ಚಿತು. ನೆಂಟರೆಲ್ಲ ಒಟ್ಟಿಗೆ ಮಾಯ. ಬೆಳಿಗ್ಗೆ ಬಂದ ಪುಟ್ಟಮಾದಯ್ಯ ಬೀದಿಗೆಲ್ಲ ಕೇಳುವಂತೆ ಅಂದುಹೋದ. ಸುವರ್ಣಮ್ಮ ಗಂಡನ ಮುಂದೆ ಕೂತು ಅತ್ತಳು.

“ನಂಗೆ ದೊಡ್ಡ ಬ್ಯಾಟ್ರಿ ಹಾಕ್ಸಿಕೊಡಿ. ಇಲ್ಲ ಈ ಡಬ್ಬನ ಬಾವಿಗೆ ಎಸೀರಿ.”

ಗಂಡ ಕುಮಾರಸ್ವಾಮಿ ಬೆಟ್ಟದ ಬಸ್ಸಿನ ಕಂಡಕ್ಟರು. ಕೊಳ್ಳೇಗಾಲದಿಂದ ಎರಡು ಟ್ರ್ಯಾಕ್ಟರ್ ಬ್ಯಾಟರಿಗಳನ್ನೂ ಅವನ್ನು ಕಟ್ಟಿಕೊಡಲು ಬ್ಯಾಟರಿ ಅಂಗಡಿಯ ಸದಾಶಿವಪ್ಪನನ್ನೂ ಅದೇ ಬಸ್ಸಿನಲ್ಲಿ ಹೇರಿಕೊಂಡು ಬಂದ. ಸದಾಶಿವಪ್ಪ ಯು.ಪಿ.ಎಸ್ಸಿನ ಹೊಟ್ಟೆ ಬಗೆದು ಒಳಗಿನ ಪುಟ್ಟ ಬ್ಯಾಟರಿಯನ್ನು ಈಚೆ ತೆಗೆದ.

“ಇದು ಮಕ್ಕಳಾಟದ ಸಾಮಾನು ಕಣವ್ವ. ಈ ಎರಡ್ನೂ ಜೋಡಿ ಕಟ್ಬುಟ್ರೆ ಊರೆಲ್ಲ ಕತ್ತಲಾದ್ರೂ ನಿಮ್ಮನೇಲಿ ಬೆಳಕು.”

ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ, ದಪ್ಪ ವೈರಿನ ತುದಿಗೆ ಕ್ಲಿಪ್ಪು ಕಚ್ಚಿಸಿದ. ನಡುಮನೆಗೊಂದು ಬಲ್ಬನ್ನೂ ಅದಕ್ಕೇ ಕೊಟ್ಟ. ಬ್ಯಾಟರಿಗಳು ಕೂತದ್ದು ಚಿಕ್ಕನಿಂಗಮ್ಮ ಚಾಪೆ ಹಾಸುತ್ತಿದ್ದ ಗೋಡೆಯ ಬುಡದಲ್ಲಿ. ಮುದುಕಿ ಅವಕ್ಕೆ ಕುಂಕುಮವಿಟ್ಟು, ನಿಂಬೆಹಣ್ಣು ಕುಯ್ದಿಟ್ಟು, ತನ್ನ ಚಾಪೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ಅಲ್ಲಿಂದ ಶುರುವಾಯಿತು ಪಾಡು. ಸುವರ್ಣಮ್ಮನ ಮನೆಯಲ್ಲಿ ಕರೆಂಟು ಹೋಗುವುದಿಲ್ಲ ಎಂಬ ಸುದ್ದಿ ಶಾಗ್ಯದವರೆಗೂ ಹಬ್ಬಿತು. ಬಸ್ಸಿಳಿದವರು ನೆಟ್ಟಗೆ ಇಲ್ಲಿಗೇ. “ಈಗ್ಲೇ ಆಗ್ಬೇಕು ಕಣಕ್ಕ, ಲಾಸ್ಟ್ ಬಸ್ಸಿಗೆ ಓಗ್ಬೇಕು.” ಮೊದಲಾದರೆ ಕರೆಂಟಿಲ್ಲ ಎಂದುಬಿಡಬಹುದಿತ್ತು. ಈಗ ಏನೆನ್ನುವುದು? ಸಂಜೆ ಬೀದಿಯೆಲ್ಲ ಕತ್ತಲಾಗಿ ಜಗಲಿಯಲ್ಲಿ ನಗು ಏಳುತ್ತಿತ್ತು. ಸುವರ್ಣಮ್ಮ ಒಳಗೆ ಕುಟ್ಟುತ್ತಿದ್ದಳು.

ಚಿಕ್ಕನಿಂಗಮ್ಮ ಮೊದಮೊದಲು ಬಟ್ಟಲು ಹಿಡಿದು ಬಾಗಿಲಲ್ಲಿ ಇಣುಕಿದಳು. ತಲೆಯ ಮೇಲಿನ ಬಲ್ಬು ನೋಡಿ, “ದೀಪ ಉರೀತಾ ಅದೆ, ಈಗ ಕೂದ್ಲು ಬಿಚ್ಚಬಾರ್ದು” ಎಂದು ಹಿಂದಕ್ಕೆ ಹೋದಳು. ಆಮೇಲೆ ಇಣುಕುವುದನ್ನೂ ಬಿಟ್ಟಳು. ಸುವರ್ಣಮ್ಮನ ತಲೆ ತೆಂಗಿನ ನಾರಾಯಿತು. ತಾನು ಕೇಳಿ ತರಿಸಿಕೊಂಡದ್ದು, ಬೇಡವೆಂದು ಯಾರ ಹತ್ತಿರ ಹೇಳುವುದು?

ಬೀದಿಯಲ್ಲೆಲ್ಲ ಕರೆಂಟು ಹೋಗಿದ್ದ ಒಂದು ಸಂಜೆ ಯಾರದೋ ತಿಥಿ ಕಾರ್ಡು ಕುಟ್ಟುತ್ತಿದ್ದವಳಿಗೆ ಬೆರಳ ಮೇಲೆ ಹನಿ ಬಿದ್ದದ್ದು ಕಂಡಿತು. ಸೂರು ಸೋರುತ್ತಿದೆಯೇ ಎಂದು ಮೇಲೆ ನೋಡಿದಳು. ಮಳೆಯೇ ಇಲ್ಲ. ಕಣ್ಣೊರೆಸಿಕೊಂಡು ಮತ್ತೆ ಕುಟ್ಟಿದಳು. ಅಷ್ಟರಲ್ಲಿ ಪರದೆ ಕಪ್ಪಾಯಿತು, ಬಲ್ಬೂ ಆರಿತು.

“ಅಯ್ಯೋ ಶಿವನೇ, ಸೇವ್ ಮಾಡಿರ್ಲಿಲ್ಲ!”

ತಿರುಗಿ ನೋಡಿದರೆ ಅತ್ತೆ. ಸ್ವಿಚ್ಚು ಮುಟ್ಟುವುದಕ್ಕೂ ಹೆದರುವ ಹೆಂಗಸು ಮರದ ಮಣೆಯ ಮೇಲೆ ನಿಂತು, ಕೈಗೆ ಸೆರಗು ಸುತ್ತಿಕೊಂಡು, ಕಿತ್ತ ಕ್ಲಿಪ್ಪನ್ನು ಚೇಳು ಹಿಡಿದಂತೆ ದೂರ ಹಿಡಿದಿದ್ದಳು.

“ಅತ್ತೆ, ನೀವು ಕಿತ್ತಾಕಿದ್ರಾ?”

“ಕರೆಂಟ್ ಓಯ್ತು ಕಣವ್ವ. ಏಳು, ಜಗಲಿಗೆ ಬಾ.”

ಸುವರ್ಣಮ್ಮನಿಗೆ ಸಿಟ್ಟು ನೆತ್ತಿಗೇರಿತು. ಏರಿದ್ದು ಬಾಯಿಗೆ ಬರುವಷ್ಟು ತ್ರಾಣ ಇರಲಿಲ್ಲ. ಹೋಗಿ ಮೆಟ್ಟಿಲ ಮೇಲೆ ಕೂತಳು. ಯಾವನೋ ಬಂದು, “ಬ್ಯಾಟ್ರಿ ಅದಂತಲ್ಲವ್ವ?” ಎಂದ.

“ಸತ್ತೋಗ್ಬುಟ್ಟದೆ. ನಾಳೆ ಬಾ” ಎಂದಳು ಚಿಕ್ಕನಿಂಗಮ್ಮ, ತುರುಬು ಬಿಚ್ಚುತ್ತ.

ಎಣ್ಣೆಗೈ ಕತ್ತಿಗೆ ತಾಗಿದ್ದೇ ಸುವರ್ಣಮ್ಮ ಗೊಳೋ ಎಂದು ಅತ್ತಳು. ಮುದುಕಿ ನೀವುತ್ತಲೇ ಇದ್ದಳು. ಅಷ್ಟರಲ್ಲಿ ಕರೆಂಟು ಬಂತು. ಬೀದಿಯ ಮಕ್ಕಳು ಹೋ ಎಂದು ಕೂಗಿದರು. ಹಿಂದಿನಿಂದ ಅಡುಗೆಮನೆಯ ಬೆಳಕು ಮೆಟ್ಟಿಲಿಗೆ ಬಿತ್ತು. ಸುವರ್ಣಮ್ಮ ಅಭ್ಯಾಸಬಲದಿಂದ ಏಳಹೋದಳು.

ಚಿಕ್ಕನಿಂಗಮ್ಮ ಒಂದು ಕೈಯಲ್ಲಿ ಅವಳ ಹೆಗಲು ಅದುಮಿ, ಇನ್ನೊಂದು ಕೈ ಹಿಂದಕ್ಕೆ ಚಾಚಿ ಬಾಗಿಲು ಎಳೆದುಕೊಂಡಳು.

“ತಿರುಗಿ ನೋಡ್ಬ್ಯಾಡ, ಸುಮ್ಕೆ ಕೂತ್ಕೊ. ನಮ್ಮನೇಲಿ ಇನ್ನೂ ದೀಪ ಹಚ್ಚಿಲ್ಲ.”